ನಮ್ಮ ಒಲೆ ಜಗಳಕ್ಕೆ ಚೀನಾದ ಸಾಕ್ಷಿ

ಮನೆ ಜಗಳಕ್ಕೆ ಸಾಕ್ಷಿ ಕರೆಯುವುದಿದ್ದರೆ ಓಣಿಯವರನ್ನೇ ಕರೆಯಬೇಕು. ಯಾರು ಯಾರ ಕಡೆ ಮಾತಾಡುತ್ತಾರೆ ಅನ್ನೋದು ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಗೊತ್ತಿರುತ್ತದೆ. ನಮ್ಮ ಹಿತ್ತಲ ಹಿಂದಿನ ಮನೆಯ ಸಿದ್ದಮ್ಮ ಯಾವತ್ತೂ ಅತ್ತೆಯರ ಕಡೆ, ಯಾಕಂದರೆ ಆಕೆಯ ಸೊಸೆ ಆಕೆಯನ್ನು ಮಾತಾಡಿಸುವುದಿಲ್ಲ. ಇಷ್ಟೆಲ್ಲ ತಿಳಿದವಳು ನಾನು ಓಣಿ ಬಿಟ್ಟು, ಊರು ಬಿಟ್ಟು, ದೇಶವನ್ನೂ ಬಿಟ್ಟು ಚೀನಾದ ಒಬ್ಬ ಮುದುಕಿಯನ್ನು ಸಾಕ್ಷಿಗೆ ಕರೆದೆ. ಏನಾಯಿತು ಅಂತ ಹೇಳುತ್ತೇನೆ. ನಾನು ಬಂಡ್ರಿಯ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಕೂತವಳು, ಏಳುವ ಹೊತ್ತಿಗೆ ಮದುವೆ ಗೊತ್ತಾಗಿತ್ತು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಸಹಿಸಿಕೊಳ್ಳಿ. ನನ್ನ ಸೊಸೆ ಕನ್ನಡ ಟೀಚರು, ತಿದ್ದಿಕೊಡುತ್ತೇನೆ ಅಂದಳು. ನಾನೇ ಕೊಡಲಿಲ್ಲ. ಆಕೆ ತಿದ್ದಿದರೆ ತಪ್ಪಿನ ಜೊತೆಗೆ ನನ್ನ ಮಾತೂ ಹೋಗಿಬಿಡುತ್ತದೆ.

ನಮ್ಮದು ಕಮಲಾಪುರದಲ್ಲಿ ಮನೆ. ಕೆಳಗೆ ನಾವು, ಮೇಲೆ ಎರಡು ಖೋಲಿ. ರಸ್ತೆ ಕಡೆಯ ದೊಡ್ಡ ಖೋಲಿಯನ್ನು ಹಂಪಿ ನೋಡಲು ಬರುವವರಿಗೆ ಕೊಡುತ್ತೇವೆ. ಹಿಂದಿನದು ಸಣ್ಣದು, ಅದರಲ್ಲಿ ಒಂದು ಅಡಿಗೆ ಕಟ್ಟೆ ಇದೆ. ನಮ್ಮ ಮನೆಯವರು ಇದ್ದಾಗ ಕಟ್ಟಿಸಿದ್ದು. ಯಾಕೆ ಕಟ್ಟಿಸಿದರು ಅಂತ ಕೇಳುವ ಮೊದಲೇ ತೀರಿಕೊಂಡರು. ಮಗ ಮಲ್ಲಿ ಸ್ಟೀಲ್ ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ ಮಾಡುತ್ತಾನೆ, ಒಂದು ವಾರ ಹಗಲು ಮಲಗುತ್ತಾನೆ, ಒಂದು ವಾರ ರಾತ್ರಿ. ಸೊಸೆ ವೀಣಾ ಕಂಪ್ಲಿಯ ಹುಡುಗಿ, ಅಕ್ಕಿ ಗಿರಣಿಯವರ ಮಗಳು, ದಿನಾ ಹೊಸಪೇಟೆಗೆ ಬಸ್ಸಿನಲ್ಲಿ ಹೋಗಿ ಪಾಠ ಹೇಳಿ ಬರುತ್ತಾಳೆ. ಒಳ್ಳೆಯ ಹುಡುಗಿಯೇ. ಎದುರು ಮಾತಾಡುವುದಿಲ್ಲ. ಎದುರು ಮಾತಾಡದೆ ತನಗೆ ಬೇಕಾದ್ದನ್ನೇ ಮಾಡುತ್ತಾಳೆ, ಅದೇ ತೊಂದರೆ.

ಒಂದು ದಿನ ಮುಂಜಾನೆ ನಾನು ರೊಟ್ಟಿ ತಟ್ಟುವಾಗ ಬಂದು ನಿಂತಳು. "ಅತ್ತಿ, ಎಂಟರ ಬಸ್ಸಿಗೆ ನಾ ಹೋಗಬೇಕು. ನಿಮ್ಮ ರೊಟ್ಟಿ ಮುಗಿಯೂದು ಎಂಟೂವರಿಗೆ. ಮ್ಯಾಲಿನ ಸಣ್ಣ ಖೋಲ್ಯಾಗ ಒಂದು ಒಲಿ ಇಟ್ಕೊಂಡು ಏನರ ಜಲ್ದಿ ಮಾಡ್ಕೋತೀನ್ರಿ" ಅಂದಳು. ಕೇಳಿದವರಿಗೆ ಇದು ಬಸ್ಸಿನ ಮಾತು ಅನ್ನಿಸೀತು. ನಮ್ಮ ಕಡೆ ಇದು ಒಲೆ ಬೇರೆ ಮಾಡುವ ಮಾತು. ಗೋಡೆ ಒಂದೇ ಇರಲಿ, ಬಾಗಿಲು ಒಂದೇ ಇರಲಿ, ಒಲೆ ಎರಡಾದರೆ ಮನೆ ಎರಡು. ಆಮೇಲೆ ಮದುವೆ ಪತ್ರಿಕೆ ಕೊಡಲು ಬಂದವರು ಎರಡು ಪತ್ರಿಕೆ ಕೊಡುತ್ತಾರೆ. ನಾನು ಇರುವ ತನಕ ಈ ಮನೆಯಲ್ಲಿ ಎರಡು ಒಲೆ ಉರಿಯುವುದಿಲ್ಲ ಅಂದೆ. ಆಕೆ ಸರಿ ಅತ್ತಿ ಅಂದಳು, ಮೊದಲ ರೊಟ್ಟಿಯನ್ನು ಹಂಚಿನ ಮೇಲಿಂದಲೇ ಎತ್ತಿ ಸುತ್ತಿಕೊಂಡು ಬಸ್ಸಿಗೆ ಓಡಿದಳು. ಆ ಮೊದಲ ರೊಟ್ಟಿ ದೇವರದ್ದು. ಹೀಗೆ ವಾರಗಟ್ಟಲೆ ನಡೆಯಿತು. ದೇವರು ಏನೂ ಅನ್ನಲಿಲ್ಲ, ನಾನು ಅಂದೆ. ಮಲ್ಲಿಯನ್ನು ಕೇಳಿದರೆ ಅವನಿಗೆ ಯಾವಾಗಲೂ ನಿದ್ದೆ.

ಇಂಥದ್ದರಲ್ಲಿ ಚೀನಾದಿಂದ ಒಂದು ಹುಡುಗಿ ತನ್ನ ಅಜ್ಜಿಯನ್ನು ಕರೆದುಕೊಂಡು ನಮ್ಮ ಮೇಲಿನ ಖೋಲಿಗೆ ಬಂದಳು. ಚೀನಾ ಅಂದರೆ ನಮಗೆ ಗೊತ್ತಿದ್ದದ್ದು ಕಬ್ಬಿಣದ ಮಣ್ಣಿನ ಲೆಕ್ಕದಲ್ಲಿ ಮಾತ್ರ. ಸಂಡೂರಿನ ಗುಡ್ಡಗಳನ್ನು ಲಾರಿಗೆ ತುಂಬಿ ಕಳಿಸುತ್ತಿದ್ದ ಕಾಲದಲ್ಲಿ ಯಾರನ್ನು ಕೇಳಿದರೂ ಚೀನಾಕ್ಕೆ ಹೋಗುತ್ತದೆ ಅನ್ನುತ್ತಿದ್ದರು. ನಾನು ಸಣ್ಣವಳಿದ್ದಾಗ ಎಮ್ಮೆ ಮೇಯಿಸಿದ ಗುಡ್ಡವೂ ಹಾಗೇ ಹೋಯಿತು. ಅದಕ್ಕೇ ಆ ಮುದುಕಿ ಹೊಸ್ತಿಲು ದಾಟಿದಾಗ, ನಮ್ಮ ಗುಡ್ಡ ಇವಳ ಮನೆಯಲ್ಲಿ ಬಾಣಲೆಯಾಗಿದೆಯೋ ಏನೋ ಅಂತ ಒಮ್ಮೆ ನೋಡಿದೆ. ಆಕೆ ನನ್ನಷ್ಟೇ ಎತ್ತರ, ನನ್ನಷ್ಟೇ ಸುಕ್ಕು, ಆದರೆ ಪ್ಯಾಂಟು ಹಾಕಿದ್ದಳು, ಕೂದಲು ಕತ್ತರಿಸಿ ಗುಂಗುರು ಮಾಡಿಸಿದ್ದಳು. ಹುಡುಗಿ ಆಕೆಯನ್ನು ನೈನೈ ಅನ್ನುತ್ತಿದ್ದಳು. ಅವರಲ್ಲಿ ಅಪ್ಪನ ತಾಯಿಗೆ ಹಾಗನ್ನುತ್ತಾರಂತೆ. ನಾವೂ ಹಾಗೇ ಕರೆದೆವು.

ಎರಡು ದಿನಕ್ಕೆಂದು ಬಂದವರು ಹೆಚ್ಚು ದಿನ ಉಳಿದರು. ಹಂಪಿಯಲ್ಲಿ ಬಂಡೆ ಹತ್ತಲು ಹೋಗಿ ನೈನೈ ಕಾಲು ಉಳುಕಿಸಿಕೊಂಡಳು. ಹುಡುಗಿ ಊರೆಲ್ಲ ತಿರುಗಿ ಫೋಟೋ ತೆಗೆಯುತ್ತಿದ್ದಳು, ಕರಡಿ ನೋಡುತ್ತೇನೆ ಅಂತ ದರೋಜಿಗೆ ಹೋಗಿ ನವಿಲು ನೋಡಿ ಬಂದಳು. ಅಜ್ಜಿ ನಮ್ಮ ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ನಾನು ಅರಿಶಿನ ಸುಣ್ಣ ಕಲಸಿ ಬಿಸಿ ಮಾಡಿ ಕಾಲಿಗೆ ಹಚ್ಚಿದೆ. ಆಕೆ ನನ್ನ ಜೊತೆ ಅವರೆಕಾಯಿ ಸುಲಿದಳು. ಭಾಷೆ ಇಲ್ಲದ ಇಬ್ಬರು ಮುದುಕಿಯರು ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಾರೆ ಅಂದರೆ, ಎಲ್ಲ ಮನೆಗಳಲ್ಲೂ ಭಾಷೆ ತೆಗೆದುಬಿಟ್ಟರೆ ಚೆಂದ ಅನ್ನಿಸಿತು. ಊಟದಲ್ಲಿ ರೊಟ್ಟಿ ತಿಂದಳು, ಎಣ್ಣೆಗಾಯಿ ತಿಂದಳು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಿಂದಳು. ಮೊಸರು ಬಡಿಸಲು ಹೋದರೆ ಮಾತ್ರ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ನಮ್ಮ ಅಜ್ಜಿಯ ಕಾಲದವರು ಹಾಲು ಮೊಸರು ರೂಢಿ ಮಾಡಿಕೊಂಡವರಲ್ಲ, ಹೊಟ್ಟೆಗೆ ಒಗ್ಗುವುದಿಲ್ಲ ಅಂತ ಹುಡುಗಿ ತನ್ನ ಫೋನಿನಿಂದ ಕನ್ನಡದಲ್ಲಿ ಹೇಳಿಸಿದಳು.

ನನಗೆ ಸ್ವಲ್ಪ ಬೇಜಾರಾಯಿತು. ನಮ್ಮ ಮೊಸರು ಅಂಥಿಂಥ ಮೊಸರಲ್ಲ. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಯಾವ ಹೆಪ್ಪು ಇತ್ತೋ ಅದೇ ಹೆಪ್ಪು ಇವತ್ತಿಗೂ ನಡೆದಿದೆ. ಇವತ್ತಿನ ಮೊಸರಿನಿಂದ ಒಂದು ಚಮಚ ತೆಗೆದು ನಾಳೆಯ ಹಾಲಿಗೆ ಹಾಕುವುದು, ಅಷ್ಟೇ. ನಡುವೆ ಈ ಮನೆಯಿಂದ ಎಷ್ಟೋ ಮಂದಿ ಹೋದರು, ಹೆಪ್ಪು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂದರೆ ನಾನು ಬಿಡಲಿಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಬೇರೆ ಒಲೆಗೆ ಹೆಪ್ಪು ಕೊಡಬಾರದು, ಕೊಟ್ಟರೆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಎದ್ದು ಹೋಗುತ್ತಾಳೆ. ಒಮ್ಮೆ ಸಿದ್ದಮ್ಮ ಮನೆಗೆ ಬೀಗರು ಬಂದಿದ್ದರು, ಹೊತ್ತು ಮುಳುಗಿದ ಮೇಲೆ ಬಟ್ಟಲು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಹಾಗೇ ತಿರುಗಿ ಕಳಿಸಿದೆ. ವೀಣಾ ಆಗಿನ್ನೂ ಹೊಸದಾಗಿ ಬಂದಿದ್ದಳು. ನೋಡು, ಯಾರು ಬಂದು ನಿಂತರೂ ಇಷ್ಟೇ, ಮುಖ ನೋಡಬಾರದು ಅಂತ ಅವತ್ತೇ ಹೇಳಿಕೊಟ್ಟೆ. ಆಕೆ ಸರಿ ಅತ್ತಿ ಅಂದಳು.

ಇರಲಿ. ಭಾನುವಾರ ಎಲ್ಲರೂ ಮನೆಯಲ್ಲಿದ್ದರು, ಮಲ್ಲಿಯೂ ಎಚ್ಚರ ಇದ್ದ. ಇದೇ ಸಮಯ ಅಂದುಕೊಂಡೆ. ಚೀನಾದಲ್ಲಿ ಹಿರಿಯರಿಗೆ ಭಾಳ ಮರ್ಯಾದೆ ಅಂತ ಯಾರೋ ಅಂದದ್ದು ಕೇಳಿದ್ದೆ. ಈ ನೈನೈ ಬಾಯಿಂದಲೇ ಒಂದು ಮಾತು ಹೇಳಿಸಿಬಿಟ್ಟರೆ ಒಲೆಯ ಮಾತು ಇನ್ನು ಏಳುವುದಿಲ್ಲ. ಹುಡುಗಿಯ ಫೋನಿನಲ್ಲಿ ಕನ್ನಡ ಮಾತಾಡಿದರೆ ಅದು ಚೀನೀ ಮಾತಾಡುತ್ತದೆ, ಚೀನೀ ಮಾತಾಡಿದರೆ ಕನ್ನಡ. ನಾನು ಫೋನಿನ ಮುಂದೆ ಬಾಗಿ, "ನಿನ್ನ ಸೊಸಿ ಹ್ಯಾಂಗದಾಳ, ಹೇಳಿದಂಗ ಕೇಳ್ತಾಳೇನ?" ಅಂದೆ. ಫೋನಿನಲ್ಲಿ ಒಂದು ಚಕ್ರ ಸುಮ್ಮನೆ ಗಿರಗಿರ ತಿರುಗಿತು. ಮತ್ತೆ ಜೋರಾಗಿ ಅಂದೆ. ಮತ್ತೆ ತಿರುಗಿತು. ಅದಕ್ಕೆ ಟೀವಿಯಲ್ಲಿ ವಾರ್ತೆ ಓದುವವರ ಕನ್ನಡವೇ ಬೇಕಂತೆ. ಆ ಕನ್ನಡ ನಮ್ಮ ಮನೆಯಲ್ಲಿ ಬರುವುದು ಒಬ್ಬಳಿಗೆ.

ಹೀಗೆ ಸೊಸೆಯ ಮೇಲಿನ ದೂರನ್ನು ಸೊಸೆಯ ಬಾಯಿಂದಲೇ ಹೇಳಿಸಬೇಕಾಯಿತು. ವೀಣಾ ಫೋನಿನ ಹತ್ತಿರ ಕೂತು, ಶಾಲೆಯಲ್ಲಿ ಪದ್ಯ ಓದುವ ಹಾಗೆ, "ತಮ್ಮ ಸೊಸೆಯು ತಮ್ಮ ಆಜ್ಞೆಯನ್ನು ಪಾಲಿಸುತ್ತಾಳೆಯೇ ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದಾರೆ" ಅಂದಳು. ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ಮಾಡಿದ್ದರೆ ಬಯ್ಯಲು ಅನುಕೂಲವಾಗುತ್ತಿತ್ತು.

ನೈನೈ ಕಾಲು ಚಾಚಿ ಕೂತು ಹೇಳತೊಡಗಿದಳು. ಶುರುವಾತು ನನಗೆ ಬೇಕಾದ ಹಾಗೇ ಇತ್ತು. ಆಕೆ ಹುಟ್ಟಿದ ಹಳ್ಳಿಯಲ್ಲಿ ಒಂದೇ ಅಂಗಳದ ಸುತ್ತ ನಾಲ್ಕು ತಲೆಮಾರಿನವರು ಇದ್ದರಂತೆ. ಆಕೆಯ ತಾಯಿ ಮದುವೆಯಾಗಿ ಬಂದ ದಿನ ಅತ್ತೆ ಮಾವನ ಮುಂದೆ ಮೊಣಕಾಲೂರಿ ಚಹಾ ಕೊಟ್ಟಿದ್ದಳಂತೆ. ನಾನು ವೀಣಾ ಮುಖ ನೋಡಿದೆ. ಆ ಮನೆಗೆಲ್ಲ ದೊಡ್ಡವಳು ನೈನೈಯ ಅಜ್ಜಿ. ಸಣ್ಣವಳಿದ್ದಾಗ ಅಂದಕ್ಕೆಂದು ಪಾದ ಮಡಿಸಿ ಕಟ್ಟಿದ್ದರು, ನಡೆಯಲು ಬರುತ್ತಿರಲಿಲ್ಲ, ಮಂಚದ ಮೇಲೆ ಕೂತೇ ಇಡೀ ಮನೆಯನ್ನು ನಡೆಸುತ್ತಿದ್ದಳು. ಕಾಲು ಕಟ್ಟಿದ್ದರು, ಬಾಯಿ ಕಟ್ಟಿರಲಿಲ್ಲ ಅಂತ ನಾನಂದೆ. ವೀಣಾ ಅದನ್ನು ವಾರ್ತೆಯ ಕನ್ನಡಕ್ಕೆ ಹಾಕಿ ಹೇಳಿದಳು. ನೈನೈ ನಕ್ಕು ನಕ್ಕು ನನ್ನ ತೊಡೆಗೆ ಹೊಡೆದಳು.

ಅವರ ಒಲೆಗೂ ಒಬ್ಬ ದೇವರಂತೆ. ಒಲೆಯ ಮೇಲಿನ ಗೋಡೆಯಲ್ಲಿ ಅವನ ಪಟ. ಮನೆಯಲ್ಲಿ ಯಾರು ಯಾರಿಗೆ ಏನು ಬೈದರು ಅಂತ ವರ್ಷವಿಡೀ ಕೇಳಿಸಿಕೊಂಡು, ವರ್ಷದ ಕೊನೆಗೆ ಮೇಲೆ ಹೋಗಿ ದೊಡ್ಡ ದೇವರಿಗೆ ಹೇಳುತ್ತಾನೆ. ಅದಕ್ಕೆ ಅವನು ಹೊರಡುವ ದಿನ ಪಟದ ಬಾಯಿಗೆ ಬೆಲ್ಲದಂಥ ಅಂಟು ಸಿಹಿ ಸವರುತ್ತಿದ್ದರಂತೆ, ಸಿಹಿ ಮಾತಷ್ಟೇ ಆಡಲಿ ಅಂತ. ಸಿದ್ದಮ್ಮನಿಗೆ ಇದನ್ನು ಮೊದಲೇ ಮಾಡಬೇಕಿತ್ತು. ಅಣ್ಣತಮ್ಮಂದಿರು ಬೇರೆಯಾದರೆ ಅವರಲ್ಲೂ ಒಲೆಯೇ ಬೇರೆಯಾಗುವುದು, ಹೊಸ ಒಲೆಗೆ ಹೊಸ ದೇವರ ಪಟ. ನೋಡು, ಚೀನಾದಲ್ಲೂ ಹಂಗ ಐತಿ ಅಂತ ಮಲ್ಲಿಗೆ ಹೇಳಿದೆ. ಅವನು ಅವರೆಕಾಳು ಸುಲಿಯುವುದರಲ್ಲಿ ಭಾಳ ಮನಸ್ಸಿಟ್ಟಿದ್ದ.

ಆಮೇಲೆ ಆಕೆ ಸಣ್ಣವಳಿದ್ದಾಗಲೇ ಒಂದು ಕಾಲ ಬಂತಂತೆ. ಸರ್ಕಾರದವರು ಮನೆಮನೆಯ ಒಲೆ ಆರಿಸಿ, ಇಡೀ ಊರಿಗೆ ಒಂದೇ ಅಡಿಗೆ ಮನೆ ಮಾಡಿದರು. ಮನೆಗಳ ಬಾಣಲೆಗಳನ್ನು ಕಬ್ಬಿಣಕ್ಕೆಂದು ಒಯ್ದು ಕರಗಿಸಿದರು. ಮೊದಲು ಹೊಟ್ಟೆ ತುಂಬ ಹಾಕಿದರು, ಆಮೇಲೆ ಹಾಕಲು ಏನೂ ಇರಲಿಲ್ಲ. ಇದನ್ನು ಹೇಳುವಾಗ ನೈನೈ ನಗಲಿಲ್ಲ. ಒಂದೇ ಒಲೆ, ಒಂದೇ ಒಲೆ ಅಂತ ಕುಣಿಯುತ್ತಿದ್ದ ನಾನೂ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ. ಕಬ್ಬಿಣ ಸಾಲದೆ ಬಾಣಲೆ ಕರಗಿಸಿದವರು ಮುಂದೆ ಬುದ್ಧಿ ಬಂದು ನಮ್ಮ ಗುಡ್ಡಕ್ಕೆ ಕೈ ಹಾಕಿದರೋ ಏನೋ.

ಆಕೆ ಮದುವೆಯಾದಾಗ ಮೊಣಕಾಲೂರುವುದು ನಿಂತಿತ್ತು, ಆದರೆ ಅತ್ತೆ ಏಳುವ ಮೊದಲು ಎದ್ದು ಬಿಸಿನೀರು ಕಾಯಿಸಬೇಕಿತ್ತು, ಎಲ್ಲರದೂ ಆದ ಮೇಲೆ ಉಣ್ಣಬೇಕಿತ್ತು. ಗಂಡನ ಹೆಸರು ಹೇಳುತ್ತಿದ್ದೆಯಾ ಅಂತ ಕೇಳಿಸಿದೆ. ಮಗುವಿನ ಅಪ್ಪ ಅನ್ನುತ್ತಿದ್ದಳಂತೆ. ನಾನೂ ಇವತ್ತಿನ ತನಕ ನಮ್ಮ ಮನೆಯವರ ಹೆಸರು ಹೇಳಿಲ್ಲ. ಬ್ಯಾಂಕಿನವರು ಕೇಳಿದರೆ ಮಲ್ಲಿ ಹೇಳುತ್ತಾನೆ. ವೀಣಾ ಮಾತ್ರ ನನ್ನ ಮಗನನ್ನು ಮಲ್ಲೀ ಅಂತ ಮಹಡಿ ಮೇಲಿಂದ ಕೂಗುತ್ತಾಳೆ, ಬಸ್‌ ಸ್ಟ್ಯಾಂಡಿಗೆ ಕೇಳಿಸುತ್ತದೆ.

ನೈನೈಗೆ ಒಬ್ಬನೇ ಮಗ, ಸೊಸೆಯೂ ತವರಿಗೆ ಒಬ್ಬಳೇ, ಅವರಿಬ್ಬರಿಗೆ ಒಬ್ಬಳೇ ಮಗಳು. ಮನೆಗೊಂದೇ ಮಗು ಅಂತ ಅಲ್ಲಿ ಭಾಳ ವರ್ಷ ಕಟ್ಟುಪಾಡು ಇತ್ತಂತೆ. ನಮ್ಮ ಹಾಗೇ ಅವರಲ್ಲೂ ದೊಡ್ಡಪ್ಪನಿಗೆ ಒಂದು ಹೆಸರು, ಚಿಕ್ಕಪ್ಪನಿಗೆ ಒಂದು, ಸೋದರಮಾವನಿಗೆ ಒಂದು, ಅಕ್ಕನ ಗಂಡನಿಗೇ ಬೇರೆ ಒಂದು. ಈ ಹುಡುಗಿಗೆ ಅಷ್ಟೂ ಮಾತು ಗೊತ್ತು, ಕರೆಯಲು ಒಬ್ಬರೂ ಇಲ್ಲ. ಅಂಥ ಒಂದೇ ಮೊಮ್ಮಗಳನ್ನು ಸಾಕಿದ್ದು ನೈನೈ. ಸೊಸೆ ಕೆಲಸಕ್ಕೆ ಹೋಗುತ್ತಿದ್ದಳು. ಮಗುವಿಗೆ ಇಷ್ಟೇ ಉಪ್ಪು ಹಾಕು, ಇಷ್ಟೇ ಹೊತ್ತು ಮಲಗಿಸು ಅಂತ ಹೇಳಿ ಹೋಗುತ್ತಿದ್ದಳು, ಇವಳು ಹೂಂ ಅನ್ನುತ್ತಿದ್ದಳು. ಅಡಿಗೆಯನ್ನು ಮಗನೇ ಮಾಡುತ್ತಿದ್ದನಂತೆ. ಈ ಮಾತು ಬಂದಾಗ ಮಲ್ಲಿ ಅವರೆಕಾಯಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಮಲಗಲು ಎದ್ದ. ವೀಣಾ, ಕುಂದ್ರು, ಪೂರ್ತಿ ಕೇಳು ಅಂದಳು. ಕೂತ.

"ನಾನು ಸೊಸೆಯಾಗಿದ್ದಾಗ ಅತ್ತೆಯ ಮಾತು ನಡೆಯಿತು, ನಾನು ಅತ್ತೆಯಾಗುವ ಹೊತ್ತಿಗೆ ಸೊಸೆಯ ಮಾತು ನಡೆಯಲು ಹತ್ತಿತು, ನನ್ನ ಪಾಳಿ ಯಾರು ತಿಂದರೋ ಗೊತ್ತಾಗಲಿಲ್ಲ" ಅಂದಳು ನೈನೈ. ಫೋನು ಇದನ್ನು ಮದುವೆ ಮನೆಯಲ್ಲಿ ಸ್ವಾಗತ ಹೇಳುವ ಹುಡುಗಿಯ ದನಿಯಲ್ಲಿ ಹೇಳಿತು. ನನ್ನ ಎದೆಗೆ ನೇರ ಬಂದು ಬಿತ್ತು.

ಈಗ ಅಲ್ಲಿಯ ಹುಡುಗಿಯರು ಮದುವೆಯೇ ಬೇಡ ಅನ್ನುತ್ತಾರಂತೆ. ಅಜ್ಜಿಯರು ಪಾರ್ಕಿಗೆ ಹೋಗಿ, ಮೊಮ್ಮಕ್ಕಳ ವಯಸ್ಸು, ಓದು, ಎತ್ತರ ಎಲ್ಲ ಬರೆದ ಹಾಳೆಯನ್ನು ಬಿಚ್ಚಿದ ಛತ್ರಿಗೆ ಅಂಟಿಸಿ ಇಟ್ಟುಕೊಂಡು ಕೂರುತ್ತಾರಂತೆ, ಸಂತೆಯಲ್ಲಿ ಬದನೆಕಾಯಿ ಇಟ್ಟುಕೊಂಡ ಹಾಗೆ. ನೈನೈ ಕೂಡ ಈ ಹುಡುಗಿಯದೊಂದು ಹಾಳೆ ಇಟ್ಟು ಬಂದಿದ್ದಳು. ಹುಡುಗಿಗೆ ಅದು ಗೊತ್ತಾದದ್ದು ನಮ್ಮ ಪಡಸಾಲೆಯಲ್ಲಿ. ಫೋನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಜ್ಜಿ ಮೊಮ್ಮಗಳ ನಡುವೆ ಚೀನೀಯಲ್ಲಿ ಶುರುವಾಯಿತು. ಅದಕ್ಕೆ ಯಾರ ಅನುವಾದವೂ ಬೇಕಾಗಲಿಲ್ಲ.

ಅದು ತಣ್ಣಗಾದ ಮೇಲೆ ನಾನು ಕೊನೆಯ ಪ್ರಶ್ನೆ ಕೇಳಿಸಿದೆ. ಸೊಸೆ ಒಲೆ ಬೇರೆ ಇಡುತ್ತೇನೆ ಅಂದರೆ ಏನು ಮಾಡಬೇಕು? ವೀಣಾ ಒಂದು ಗುಟುಕು ನೀರು ಕುಡಿದು, ಒಂದಕ್ಷರ ಬಿಡದೆ ಕೇಳಿದಳು. ನೈನೈ ನನ್ನನ್ನು ನೋಡಿದಳು, ವೀಣಾಳನ್ನು ನೋಡಿದಳು. ಆಮೇಲೆ ಹೇಳಿದ್ದನ್ನು ಫೋನು ಹೀಗೆ ಹೇಳಿತು: "ಸೊಸೆ ಯಾಕೆ ಹೋಗಬೇಕು? ಅವಳಿಗೆ ಗಡಿಬಿಡಿ ಇರುತ್ತದೆ, ದೊಡ್ಡ ಒಲೆ ಅವಳಿಗೇ ಬೇಕು. ಮುದುಕಿಗೆ ಒಂದು ಸಣ್ಣ ಪಾತ್ರೆ ಸಾಕು. ಹೋಗಬೇಕಾದವಳು ನೀನು. ನಾನು ಹಾಗೇ ಮಾಡಿದೆ."

ಮೊಮ್ಮಗಳು ದೊಡ್ಡವಳಾದ ಮೇಲೆ ಆಕೆ ತನ್ನ ಬಾಣಲೆ ಎತ್ತಿಕೊಂಡು ಎದುರಿನ ಕಟ್ಟಡದ ಒಂದು ಖೋಲಿಗೆ ಹೋದಳಂತೆ. ಮಗ ಅತ್ತ. ಸೊಸೆ ಅವತ್ತೇ ಹೋಗಿ ಹೊಸ ಒಲೆ ತಂದುಕೊಟ್ಟಳು. ಈಗ ಬೇಕಾದಾಗ ಏಳುತ್ತಾಳೆ, ಸಂಜೆ ಮೈದಾನದಲ್ಲಿ ಹಾಡು ಹಾಕಿ ಓರಗೆಯವರ ಜೊತೆ ಕುಣಿಯುತ್ತಾಳೆ, ಮೊಮ್ಮಗಳ ಜೊತೆ ಹಂಪಿಗೆ ಬರುತ್ತಾಳೆ. ಕುಣಿಯುವ ವಿಡಿಯೋ ತೋರಿಸಿದಳು. ಸಾಲಾಗಿ ನಿಂತ ಮುದುಕಿಯರು, ಕೈಯಲ್ಲಿ ಕೆಂಪು ಬೀಸಣಿಕೆ. ಸೊಸೆಯಂದಿರು ಎಲ್ಲೂ ಕಾಣಲಿಲ್ಲ.

ಕಾಲು ನೆಟ್ಟಗಾಗಿ ಅವರು ಹೊರಟ ದಿನ ನೈನೈಗೆ ವೀಣಾ ಕೈಯಿಂದ ಉಡಿ ತುಂಬಿಸಿದೆ. ಪ್ಯಾಂಟಿಗೆ ಸೆರಗಿಲ್ಲವಲ್ಲ, ಟವೆಲ್ ಹಿಡಿಸಿ ಅದರಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿಸಿದೆ. ಬಸ್ಸು ಹೋದ ಮೇಲೆ ಮನೆಗೆ ಬಂದು, ನಾನು ಮೇಲಿನ ಸಣ್ಣ ಖೋಲಿಗೆ ಹೋಗುತ್ತೇನೆ, ನನ್ನ ಒಲೆ ನನಗೆ ಬೇರೆ ಅಂದೆ. ಯಾವ ಒಲೆ ಬೇರೆ ಆಗಬಾರದು ಅಂತ ಇಷ್ಟು ದಿನ ಕಾದೆನೋ ಅದನ್ನು ನಾನೇ ಬೇರೆ ಮಾಡಿದರೆ ಯಾರೂ ನನ್ನನ್ನು ಸೋತಳು ಅನ್ನುವ ಹಾಗಿಲ್ಲ ನೋಡಿ. ಮಲ್ಲಿ, "ಯವ್ವಾ, ಆಕಿ ಚೀನಾದಾಕಿ, ನಿನಗ್ಯಾಕಬೇ ಅದು?" ಅಂದ. ಅಳುತ್ತಾನೇನೋ ಅಂತ ನೋಡಿದೆ. ಆಕಳಿಸಿದ. ವೀಣಾ ಸರಿ ಅತ್ತಿ ಅಂದಳು. ಸಂಜೆಗೆ ಹೊಸ ಒಲೆ ಬಂತು.

ಸೋಮವಾರ ಒಳ್ಳೆಯ ದಿನ ಅಂತ ಮೇಲೆ ಹೋದೆ. ಹಂಚು, ಹಿಟ್ಟು ನಾದುವ ಪರಾತ, ಎರಡು ಪಾತ್ರೆ, ಒಂದು ತಟ್ಟೆ. ನನಗೆ ಬೇಕಾದಾಗ ರೊಟ್ಟಿ ತಟ್ಟಿದೆ. ಮೊದಲ ರೊಟ್ಟಿ ದೇವರಿಗೇ ಹೋಯಿತು, ಯಾರೂ ಎತ್ತಿಕೊಂಡು ಓಡಲಿಲ್ಲ. ಮಧ್ಯಾಹ್ನ ಮಲಗಿದೆ. ಸಂಜೆ ಬಾಗಿಲು ಹಾಕಿಕೊಂಡು, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನೈನೈ ಹಾಗೆ ಕೈ ಎತ್ತಿ ಎರಡು ಹೆಜ್ಜೆ ಹಾಕಿಯೂ ನೋಡಿದೆ. ಮೂರನೆಯದಕ್ಕೆ ಸೊಂಟ ಹಿಡಿಯಿತು. ಆದರೂ ಸುಖವೇ. ದೀಪ ಹಚ್ಚಿ, ಕೈ ಮುಗಿದು, ಹಾಲು ಕಾಯಿಸಿ ಆರಲು ಇಟ್ಟೆ. ಉಗುರು ಬೆಚ್ಚಗಾಯಿತು. ಹೆಪ್ಪು ಹಾಕೋಣ ಅಂತ ಕೈ ಚಾಚಿದೆ. ಮೊಸರಿನ ಗಡಿಗೆ ಕೆಳಗಿತ್ತು.

ಹಂಚು ತಂದೆ, ಪರಾತ ತಂದೆ, ಆ ಒಂದು ಚಮಚ ಮೊಸರು ತರಲಿಲ್ಲ. ಅಂಗಡಿಯ ಪಾಕೀಟು ಮೊಸರಿಗೆ ಸುಣ್ಣದ ನೀರು ಅಂತ ಓಣಿಗೆಲ್ಲ ಹೇಳಿಕೊಂಡು ಬಂದವಳು ನಾನು, ತರಲು ಹೋದರೆ ಅಂಗಡಿಯವನೇ ನಗುತ್ತಾನೆ. ಸಿದ್ದಮ್ಮನನ್ನು ಕೇಳುವ ಮಾತೇ ಇಲ್ಲ, ಆ ಬಟ್ಟಲು ಆಕೆಗೆ ಇನ್ನೂ ನೆನಪಿದೆ. ಮೊಸರಿಲ್ಲದೆ ನನಗೆ ಊಟ ಮುಗಿದ ಹಾಗೆ ಆಗುವುದಿಲ್ಲ. ಒಂದು ಸಣ್ಣ ಬಟ್ಟಲು ಹಿಡಿದುಕೊಂಡು ಮೆಟ್ಟಿಲಿಳಿದೆ. ಕೆಳಗಿನ ದೇವರ ಮುಂದೆಯೂ ದೀಪ ಉರಿಯುತ್ತಿತ್ತು. ವೀಣಾ ದೊಡ್ಡ ಒಲೆಯ ಮುಂದೆ ಇದ್ದಳು. ಒಂದು ಹನಿ ಹೆಪ್ಪು ಹಾಕವಾ ಅಂದೆ.

ಆಕೆ ಬಟ್ಟಲು ನೋಡಿದಳು, ದೀಪ ನೋಡಿದಳು. ನನ್ನ ಮುಖ ನೋಡಲಿಲ್ಲ. ಹಾಗೇ ಅಲ್ಲವೇ ನಾನು ಹೇಳಿಕೊಟ್ಟದ್ದು. "ಅತ್ತಿ, ದೀಪ ಹಚ್ಚೇತ್ರಿ. ನಿಮ್ಮದು ಈಗ ಬ್ಯಾರೆ ಒಲಿ."

ನಾನು ಬ್ಯಾರೆ ಅಲ್ಲ ಅಂದರೆ ಮೇಲಿನ ಒಲೆ ಸುಳ್ಳು. ಲಕ್ಷ್ಮಿ ಹೋಗುವುದಿಲ್ಲ, ಹಾಕು ಅಂದರೆ ಇಷ್ಟು ವರ್ಷ ಹೇಳಿದ್ದು ಸುಳ್ಳು. ಹೆಪ್ಪು ಕಳೆಯದ ಹಾಗೆ ನಾನು ಕಟ್ಟಿದ ಬೇಲಿ ಭಾಳ ಗಟ್ಟಿ ಇತ್ತು, ನಾನೇ ಹೊರಗೆ ನಿಂತು ನೋಡಿದಾಗ ಗೊತ್ತಾಯಿತು. ತಿರುಗಿ ಮೆಟ್ಟಿಲು ಹತ್ತಲು ಹೋದೆ. ವೀಣಾ ಹಿಂದಿನಿಂದ, "ಹಾಲು ಇಲ್ಲೇ ತರ್ರಿ, ನಮ್ಮ ಗಡಿಗ್ಯಾಗ ಹಾಕ್ತೀನಿ. ಮುಂಜಾನೆ ಮೊಸರು ಒಯ್ರಿ. ಹಗಲಿನಾಗ ಕೊಡಾಕ ಏನೂ ಇಲ್ಲಲ್ರಿ" ಅಂದಳು. ಅಂದು, ಒಲೆಯ ಮೇಲಿದ್ದ ಬದನೆಕಾಯಿ ಪಲ್ಯ ತೋರಿಸಿ, ಉಪ್ಪು ಸರಿ ಐತೇನು ನೋಡ್ರಿ ಅಂದಳು. ಸರಿಯಾಗಿಯೇ ಇತ್ತು. ಕಡಿಮಿ ಆಗೇತಿ ಅಂದೆ. ಸರಿ ಅತ್ತಿ ಅಂದಳು, ಹಾಕಲಿಲ್ಲ.

ಅವತ್ತಿನಿಂದ ಹೀಗೇ ನಡೆದಿದೆ. ಸಂಜೆ ಹಾಲಿನ ಪಾತ್ರೆ ಹಿಡಿದು ಕೆಳಗಿಳಿಯುತ್ತೇನೆ, ಹೇಗೂ ಇಳಿದಿದ್ದೇನಲ್ಲ ಅಂತ ಪಲ್ಯದ ಉಪ್ಪು ನೋಡುತ್ತೇನೆ, ಉಪ್ಪು ನೋಡಿದ ಮೇಲೆ ಒಂದು ರೊಟ್ಟಿ ತಿನ್ನುತ್ತೇನೆ. ಮೇಲಿನ ಒಲೆ ರಾತ್ರಿ ಹೊತ್ತು ತಣ್ಣಗಿರುತ್ತದೆ. ಮೊನ್ನೆ ಹುಡುಗಿ ಚೀನಾದಿಂದ ಫೋನು ಮಾಡಿದ್ದಳು. ನೈನೈ ಮುಖ ಕಂಡಿತು. ಬೇರೆ ಒಲೆ ಹೇಗಿದೆ ಅಂತ ಕೇಳಿದಳು. ನಾನು ಹಾಲಿನ ಪಾತ್ರೆ ಹಿಡಿದು ನಿಂತಿದ್ದೆ. ಹೇಳು ಅಂತ ವೀಣಾಗೆ ಕಣ್ಣು ಮಾಡಿದೆ. ಆಕೆ ವಾರ್ತೆಯ ಕನ್ನಡದಲ್ಲಿ, "ನಮ್ಮ ಅತ್ತೆಯವರು ಪ್ರತ್ಯೇಕವಾಗಿ, ಅತ್ಯಂತ ಸುಖವಾಗಿ ವಾಸಿಸುತ್ತಿದ್ದಾರೆ" ಅಂದು, ಅದೇ ಉಸಿರಿನಲ್ಲಿ ನನ್ನ ಕೈಯಿಂದ ಪಾತ್ರೆ ಇಸಿದುಕೊಂಡಳು. ನೈನೈ ಅಲ್ಲಿ ಚಪ್ಪಾಳೆ ತಟ್ಟಿದಳು. ತಟ್ಟಲಿ, ಆಕೆಗೇನು. ಮೊಸರು ತಿನ್ನದವರಿಗೆ ಬೇರೆ ಇರುವುದು ಒಂದು ಕಷ್ಟವೇ? ಬಡಿಸಲು ಹೋದಾಗ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದಳಲ್ಲ, ಅವತ್ತೇ ನಾನು ಸಾಕ್ಷಿ ಬದಲಿಸಬೇಕಿತ್ತು.